ಎಲ್ಲರ ಬಿಪಿಯೂ 120/80

ನರ್ಸಿಂಗ್ ಮೊದಲ ಸೆಮಿಸ್ಟರ್ ಮಕ್ಕಳನ್ನು ವಾರ್ಡಿಗೆ ಕರೆದುಕೊಂಡು ಹೋದ ಮೊದಲ ವಾರ ಅದು. ಮೆಡಿಕಲ್ ವಾರ್ಡಿನಲ್ಲಿ ಹನ್ನೊಂದು ಪೇಷೆಂಟ್‌ಗಳಿದ್ದರು. ಎಲ್ಲರ ಬಿಪಿ ನೋಡಿ ಬರೆದುಕೊಂಡು ಬನ್ನಿ ಅಂದೆ. ಅರ್ಧ ಗಂಟೆಯಲ್ಲಿ ಪುಸ್ತಕ ಹಿಡಿದು ಬಂದರು. ಎಂಟು ಜನಕ್ಕೆ 120/80. ಇಬ್ಬರಿಗೆ 110/70. ಒಬ್ಬರಿಗೆ 125/85. ಬಿಪಿ ಜಾಸ್ತಿಯಾಗಿಯೇ ಅಡ್ಮಿಟ್ ಆದವರು ಆ ವಾರ್ಡಿನಲ್ಲಿ ಮೂವರಿದ್ದರು!

ನನಗೆ ನಗು ಬಂದದ್ದು ಆ 125 ನೋಡಿ. ಕೈಯಿಂದ ಪಂಪ್ ಮಾಡುವ ಬಿಪಿ ಮಷೀನಿನಲ್ಲಿ ಗೆರೆಗಳು ಎರಡೆರಡರ ಲೆಕ್ಕದಲ್ಲಿ ಇರುತ್ತವೆ. 124 ಇದೆ, 126 ಇದೆ. 125ಕ್ಕೆ ಗೆರೆಯೇ ಇಲ್ಲ. ಪಾಪ, ಆ ಹುಡುಗ ಎಲ್ಲರ ಹಾಗೆ 120 ಬರೆಯೋದು ಬೇಡ ಅಂತ ಸ್ವಲ್ಪ ಬದಲಾಯಿಸಿ ಬರೆದಿದ್ದ.

ಬೈಯಲಿಲ್ಲ. ಬೈಯುವ ಮುಖ ನನಗಿರಲಿಲ್ಲ. ನಾನು ಓದುವಾಗ ಒಬ್ಬ ಅಜ್ಜಿಗೆ ಹೀಗೇ 120/80 ಬರೆದಿದ್ದೆ. ಹತ್ತು ನಿಮಿಷದ ನಂತರ ಇನ್‌ಚಾರ್ಜ್ ಸಿಸ್ಟರ್ ಬಂದು ಮತ್ತೆ ನೋಡಿದರು. 190/110. ಅವರು ಒಂದು ಮಾತೂ ಆಡಲಿಲ್ಲ. ನಾನು ಬರೆದದ್ದರ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಿ ಹೋದರು. ಆ ಗೆರೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನೇಕೆ ಹಾಗೆ ಮಾಡಿದ್ದೆ? ಸೋಮಾರಿತನ ಅಲ್ಲ. ಸ್ಟೆತಾಸ್ಕೋಪಿನಲ್ಲಿ ನನಗೆ ಏನೂ ಕೇಳಿಸಿರಲಿಲ್ಲ. ಕೇಳಿಸಲಿಲ್ಲ ಅಂತ ಹೇಳೋಕೆ ಹೆದರಿಕೆ, ಅಷ್ಟೇ. ನನ್ನ ಮಕ್ಕಳದ್ದೂ ಅದೇ ಕಥೆ. ಥಿಯರಿ ಇಂಟರ್ನಲ್ಸ್‌ನಲ್ಲಿ ಕೊರೊಟ್ಕಾಫ್ ಶಬ್ದಗಳ, ಅಂದರೆ ತೋಳಿನ ಪಟ್ಟಿಯ ಗಾಳಿ ಇಳಿಸುವಾಗ ಕೇಳಿಸುವ ಬಡಿತದ, ಐದು ಹಂತಗಳನ್ನು ಗಿಳಿಪಾಠ ಒಪ್ಪಿಸಿದ ಹಾಗೆ ಬರೆದಿದ್ದರು. 1905ರಲ್ಲಿ ಕೊರೊಟ್ಕಾಫ್ ಅನ್ನೋ ರಷ್ಯದ ಡಾಕ್ಟರ್ ಆ ಶಬ್ದಗಳ ಬಗ್ಗೆ ಹೇಳಿದ್ದು ಅಂತಲೂ ಬರೆದಿದ್ದರು. ಆ ಐದರಲ್ಲಿ ಒಂದನ್ನೂ ಯಾರೂ ಕಿವಿಯಾರೆ ಕೇಳಿರಲಿಲ್ಲ.

ಆಮೇಲೆ ನಾನು ಒಂದು ಟೀಚಿಂಗ್ ಸ್ಟೆತಾಸ್ಕೋಪ್ ತಂದೆ. ಎದೆಗೆ ಇಡುವ ಭಾಗ ಒಂದೇ, ಕಿವಿಗೆ ಹಾಕುವ ಜೋಡಿ ಎರಡು. ಒಂದು ನನ್ನ ಕಿವಿಗೆ, ಇನ್ನೊಂದು ಅವರ ಕಿವಿಗೆ. ಶಬ್ದ ಶುರುವಾದಾಗ ನಾನು ಮಾತಾಡುವುದಿಲ್ಲ, ಅವರು ಬೆರಳು ಎತ್ತಬೇಕು. ನಿಂತಾಗ ಬೆರಳು ಇಳಿಸಬೇಕು. ಮೊದಲ ದಿನವೇ ಎಷ್ಟೋ ವಿಷಯ ಗೊತ್ತಾಯಿತು. ಒಬ್ಬಳು ಕಿವಿಗೆ ಸ್ಟೆತಾಸ್ಕೋಪ್ ಹಿಂದುಮುಂದಾಗಿ ಹಾಕುತ್ತಿದ್ದಳು. ಆ ತುದಿಗಳು ಮೂಗಿನ ಕಡೆಗೆ ಬಾಗಿರಬೇಕು, ಇಲ್ಲದಿದ್ದರೆ ಕಿವಿಯ ಗೋಡೆಗೆ ತಗುಲಿ ಶಬ್ದವೇ ಬರಲ್ಲ. ಇನ್ನೊಬ್ಬ ಶರ್ಟಿನ ತೋಳಿನ ಮೇಲೆಯೇ ಕಫ್, ಅಂದರೆ ಗಾಳಿ ತುಂಬುವ ಪಟ್ಟಿ, ಸುತ್ತುತ್ತಿದ್ದ. ಬಹಳಷ್ಟು ಜನ ಸ್ಕ್ರೂ ತಿರುಗಿಸಿದ ಕೂಡಲೇ ಗಾಳಿಯೆಲ್ಲ ಬುಸ್ ಅಂತ ಬಿಟ್ಟುಬಿಡುತ್ತಿದ್ದರು. ಸೆಕೆಂಡಿಗೆ ಒಂದು ಗೆರೆಯ ಲೆಕ್ಕದಲ್ಲಿ ಇಳಿಸಬೇಕು. ಆ ಹದ ಬೆರಳಿಗೆ ಬರೋಕೇ ಒಂದು ವಾರ ಬೇಕು.

ಕೇಳಿಸುವ ಮೊದಲು ಮುಟ್ಟಿ ನೋಡಿ ಅಂತ ಶುರು ಮಾಡಿಸಿದೆ. ಮಣಿಕಟ್ಟಿನ ನಾಡಿ ಹಿಡಿದು ಪಂಪ್ ಮಾಡೋದು. ನಾಡಿ ಎಲ್ಲಿ ಮಾಯವಾಯಿತೋ ಆ ಅಂಕಿ ನೆನಪಿಟ್ಟುಕೊಂಡು, ಅದಕ್ಕಿಂತ 30 ಮೇಲಕ್ಕೆ ಏರಿಸಿ, ಆಮೇಲೆ ಕಿವಿಯ ಕೆಲಸ. ಹೀಗೆ ಮಾಡಿದರೆ ಮೇಲಿನ ಅಂಕಿ ಎಲ್ಲಿರಬಹುದು ಅಂತ ಮೊದಲೇ ಒಂದು ಅಂದಾಜು ಸಿಗುತ್ತದೆ. ಧೈರ್ಯ ಬರುತ್ತದೆ.

ಇದೆಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಒಂದು ನೋಟ್‌ಬುಕ್. ಆಸ್ಪತ್ರೆಯ ಚಾರ್ಟ್ ಅಲ್ಲ, ನಮ್ಮದೇ ಅಭ್ಯಾಸದ ಪುಸ್ತಕ. ಅದರಲ್ಲಿ ಬಿಪಿ ಕಾಲಂ ಪಕ್ಕದಲ್ಲಿ ‘ಕೇಳಿಸಲಿಲ್ಲ’ ಅಂತ ಇನ್ನೊಂದು ಕಾಲಂ ಹಾಕಿದೆ. ಅಲ್ಲಿ ಟಿಕ್ ಹಾಕಿದರೆ ಮಾರ್ಕ್ಸ್ ಕಡಿಮೆ ಇಲ್ಲ. ಸುಳ್ಳು ಬರೆದು ಸಿಕ್ಕಿಬಿದ್ದರೆ ಮಾತ್ರ ಆ ದಿನದ್ದು ಸೊನ್ನೆ. ಮೊದಲ ವಾರ ಆ ಕಾಲಂ ಪೂರ್ತಿ ಟಿಕ್. ಸಹೋದ್ಯೋಗಿಯೊಬ್ಬರು ನೋಡಿ, ‘ಇದೇನ್ರೀ, ಕಿವುಡರ ಬ್ಯಾಚಾ?’ ಅಂದರು. ನನಗೆ ಖುಷಿಯೇ ಆಗಿತ್ತು.

ನಮ್ಮ ಕಾಲೇಜಿರುವುದು ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ. ಅರ್ಧ ಮಕ್ಕಳು ಸುತ್ತಮುತ್ತಲ ಹಳ್ಳಿಗಳಿಂದ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದವರು. ಉಳಿದವರಲ್ಲಿ ಬಹುಪಾಲು ಕೇರಳದವರು. ಪಾಠ ಇಂಗ್ಲಿಷಿನಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ, ಪೇಷೆಂಟ್ ಮಾತ್ರ ಕನ್ನಡದಲ್ಲಿ! ಒಂದು ಸಲ ಅನಾಟಮಿ ಓದುತ್ತಿದ್ದ ಹುಡುಗಿ ಬಂದು ಕೇಳಿದಳು. ‘ಮೇಡಂ, ಮನುಷ್ಯ ನಿಮಿಷಕ್ಕೆ ಹದಿನಾರು ಸಲ ಎಕ್ಸ್‌ಪೈರ್ ಆಗ್ತಾನೆ ಅಂತ ಬುಕ್ಕಲ್ಲಿದೆ. ವಾರ್ಡಲ್ಲಿ ಒಂದೇ ಸಲ ಆಗ್ತಾರಲ್ಲ?’ ಉಸಿರು ಬಿಡುವುದಕ್ಕೂ ಆ ಪದವೇ, ಉಸಿರು ನಿಲ್ಲುವುದಕ್ಕೂ ಆ ಪದವೇ. ಅವಳ ತಪ್ಪೇನು ಬಂತು?

ಅದಕ್ಕೆ ಸಂಜೆ ಐದರಿಂದ ಆರರವರೆಗೆ ಕೂರಿಸಿಕೊಳ್ಳಲು ಶುರು ಮಾಡಿದೆ. ಒಬ್ಬ ಕನ್ನಡದವರು, ಒಬ್ಬ ಮಲಯಾಳಿ, ಹೀಗೆ ಜೋಡಿ. ಕನ್ನಡದ ಹುಡುಗಿ ವಿಷಯವನ್ನು ಮೊದಲು ಕನ್ನಡದಲ್ಲೇ ಹೇಳಬೇಕು. ಪೂರ್ತಿ ಹೇಳೋಕೆ ಬಂತು ಅಂದರೆ ಅರ್ಥವಾಗಿದೆ ಅಂತ ಲೆಕ್ಕ. ಆಮೇಲೆ ಜೊತೆಗಾರ್ತಿ ಅದನ್ನು ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆಯಲು ಸಹಾಯ ಮಾಡುತ್ತಾಳೆ. ಅದಕ್ಕೆ ಬದಲಾಗಿ ಇವಳು ಅವಳಿಗೆ ವಾರ್ಡಿನ ಕನ್ನಡ ಕಲಿಸಬೇಕು. ‘ಸಂಕಟ ಆಗ್ತೈತಿ’ ಅಂದರೆ ದುಃಖ ಅಲ್ಲ, ಹೊಟ್ಟೆಯದ್ದೋ ಎದೆಯದ್ದೋ ಅಂತ ಕೇಳಬೇಕು. ‘ಕಣ್ಣು ಕತ್ತಲೆ ಬಂತು’ ಅಂದರೆ ಕಣ್ಣಿನ ಡಾಕ್ಟರ ಹತ್ತಿರ ಕಳಿಸಬಾರದು, ಬಿಪಿ ನೋಡಬೇಕು. ಒಂದಕ್ಕೆ, ಎರಡಕ್ಕೆ ಹೋಗುವುದನ್ನು ನಾಚಿಕೊಳ್ಳದೆ ಕೇಳಬೇಕು. ಕೋಟ್ಟಯಂ ಕಡೆಯ ಒಬ್ಬಳಂತೂ ಎರಡು ತಿಂಗಳಲ್ಲಿ ‘ಯಜಮಾನ್ರೇ, ಎರಡಕ್ಕೆ ಆಯ್ತಾ?’ ಅಂತ ಇಡೀ ವಾರ್ಡಿಗೆ ಕೇಳಿಸುವ ಹಾಗೆ ಕೇಳುತ್ತಿದ್ದಳು. ದನಿ ತಗ್ಗಿಸೋದನ್ನು ಬೇರೆ ಕಲಿಸಬೇಕಾಯಿತು.

ಸ್ಕಿಲ್ ಲ್ಯಾಬಿನಲ್ಲಿ ಒಂದು ದಿನ ಇನ್ಸುಲಿನ್ ಪಾಠ. ಎರಡು ವಯಲ್‌ಗಳಲ್ಲಿ ಬಣ್ಣದ ನೀರು ತುಂಬಿ, ಒಂದಕ್ಕೆ ಎಂಎಲ್‌ಗೆ 40 ಯೂನಿಟ್, ಇನ್ನೊಂದಕ್ಕೆ 100 ಯೂನಿಟ್ ಅಂತ ಚೀಟಿ ಅಂಟಿಸಿದ್ದೆ. ಸಿರಿಂಜೂ ಎರಡು. ಕೆಂಪು ಮುಚ್ಚಳದ್ದು 40ರ ವಯಲ್‌ಗೆ, ಕಿತ್ತಳೆ ಮುಚ್ಚಳದ್ದು 100ರ ವಯಲ್‌ಗೆ. ಬೇಕಂತಲೇ 100ರ ವಯಲ್ ಜೊತೆ ಕೆಂಪು ಮುಚ್ಚಳದ ಸಿರಿಂಜ್ ಕೊಟ್ಟು, ‘ಇಪ್ಪತ್ತು ಯೂನಿಟ್ ತೆಗಿ’ ಅಂದೆ. ಹುಡುಗ ಗುಳ್ಳೆ ಬರದ ಹಾಗೆ, ಬಹಳ ನೀಟಾಗಿ, 20ರ ಗೆರೆಗೆ ಎಳೆದ. ಎಷ್ಟು ಯೂನಿಟ್ ಅಂದೆ. ಎಲ್ಲರೂ ಒಟ್ಟಿಗೆ ‘ಇಪ್ಪತ್ತು’ ಅಂದರು. ಆ ಸಿರಿಂಜಿನಲ್ಲಿ 40 ಗೆರೆ ಅಂದರೆ ಒಂದು ಎಂಎಲ್, 20 ಅಂದರೆ ಅರ್ಧ. ಎಂಎಲ್‌ಗೆ 100 ಇರುವಾಗ ಅರ್ಧ ಎಂಎಲ್‌ನಲ್ಲಿ ಎಷ್ಟು? ಸ್ವಲ್ಪ ಹೊತ್ತು ಯಾರೂ ಉಸಿರೆತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಯಾವತ್ತೂ ಬಾಯಿ ಬಿಡದ ಹುಡುಗಿ ಹೇಳಿದಳು. ‘ಐವತ್ತು ಮೇಡಂ. ಲೋಟ ಅದೇ, ಡಿಕಾಕ್ಷನ್ ಗಟ್ಟಿ.’

ಅದಕ್ಕಿಂತ ಚೆನ್ನಾಗಿ ನಾನು ಇವತ್ತಿಗೂ ಹೇಳಿಲ್ಲ. ಈಗ ಪ್ರತಿ ಬ್ಯಾಚಿಗೂ ಅದೇ ಡಿಕಾಕ್ಷನ್.

ಡ್ರಿಪ್ ಲೆಕ್ಕವೂ ಹಾಗೇ. 500 ಎಂಎಲ್ ಸಲೈನ್, ನಾಲ್ಕು ಗಂಟೆ, ಎಂಎಲ್‌ಗೆ 20 ಹನಿಯ ಸೆಟ್. ಬೋರ್ಡಿನಲ್ಲಿ ನಿಮಿಷಕ್ಕೆ 42 ಹನಿ ಅಂತ ಎಲ್ಲರೂ ಬರೆಯುತ್ತಾರೆ. ಡೇಟ್ ಮುಗಿದ ಬಾಟಲಿ ನೇತುಹಾಕಿ, ಕೆಳಗೆ ಬಕೆಟ್ ಇಟ್ಟು, 42 ಮಾಡಿ ತೋರಿಸಿ ಅಂದರೆ ಬೆವರುತ್ತಾರೆ. 15 ಸೆಕೆಂಡಿಗೆ ಹತ್ತೋ ಹನ್ನೊಂದೋ ಬೀಳಬೇಕು, ಅಷ್ಟೇ. ಸರಿ ಮಾಡಿದ ಮೇಲೆ ನಾನು ಸ್ಟ್ಯಾಂಡ್ ಸ್ವಲ್ಪ ಎತ್ತರಿಸಿಬಿಡುತ್ತೇನೆ. ಹನಿ ಜೋರಾಗುತ್ತದೆ. ಎಷ್ಟು ಜನ ಗಮನಿಸಿದರು ಅಂತ ನೋಡುತ್ತೇನೆ.

2021ರಲ್ಲಿ ನರ್ಸಿಂಗ್ ಕೌನ್ಸಿಲ್ ಸಿಲಬಸ್ ಬದಲಿಸಿ ಸೆಮಿಸ್ಟರ್ ತಂದ ಮೇಲೆ ಸಮಯ ಸಾಲುವುದಿಲ್ಲ ಅನ್ನೋದು ಎಲ್ಲ ಟ್ಯೂಟರ್‌ಗಳ ಗೋಳು. ನನ್ನ ಗೋಳು ಬೇರೆ. ಮಕ್ಕಳು ರಾತ್ರಿ ಹನ್ನೆರಡರವರೆಗೆ ಕೂತು ರೆಕಾರ್ಡ್ ಪುಸ್ತಕಕ್ಕೆ ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಹಾಕುತ್ತಾರೆ. ಆ ಹೊತ್ತಿನಲ್ಲಿ ಜೊತೆಗಾರರ ಬಿಪಿಯನ್ನಾದರೂ ನೋಡಬಹುದಿತ್ತು. ನನಗೆ ಕೊಡುವ ರೆಕಾರ್ಡಿಗೆ ಬಾರ್ಡರ್ ಬೇಡ ಅಂತ ಹೇಳಿಬಿಟ್ಟಿದ್ದೇನೆ. ಆದರೂ ಹಾಕುತ್ತಾರೆ.

ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಅದೇ ವಾರ್ಡಿನಿಂದ ಅಂಕಿಗಳು ಬಂದವು. 134/82, 108/66, 162/94. ಒಂದು ಕಡೆ ‘ಕೇಳಿಸಲಿಲ್ಲ’ ಟಿಕ್ ಇತ್ತು. ಹೋಗಿ ನಾನೂ ಸ್ಟೆತಾಸ್ಕೋಪ್ ಇಟ್ಟೆ. ನನಗೂ ಸರಿಯಾಗಿ ಕೇಳಿಸಲಿಲ್ಲ. ನಾಡಿ ಹಿಡಿದು ಪಂಪ್ ಮಾಡಿ ನೋಡಿದರೆ ಎಪ್ಪತ್ತರ ಹತ್ತಿರವೇ ಬಡಿತ ಮಾಯ. ಬಿಪಿ ಅಷ್ಟು ಕೆಳಗಿತ್ತು. ಡ್ಯೂಟಿ ಡಾಕ್ಟರನ್ನು ಕರೆಸಿದೆವು. ಟಿಕ್ ಹಾಕಿದವಳು ಪಕ್ಕದಲ್ಲೇ ನಿಂತಿದ್ದಳು, ನಾನು ಬೈತೀನೇನೋ ಅನ್ನೋ ಮುಖದಲ್ಲಿ.

ಉಸಿರಾಟದ್ದು ಮಾತ್ರ ಇನ್ನೂ ಸರಿಹೋಗಿಲ್ಲ. ನಾಡಿ ಎಣಿಸಿದ ಮೇಲೂ ಕೈ ಬಿಡಬೇಡಿ, ನಾಡಿ ನೋಡುತ್ತಿರುವ ಹಾಗೆಯೇ ಇದ್ದು ಎದೆ ನೋಡಿ, ಹೇಳಿದರೆ ಪೇಷೆಂಟ್ ಉಸಿರಾಟ ಬದಲಾಯಿಸಿಬಿಡುತ್ತಾರೆ, ಪೂರ್ತಿ ಒಂದು ನಿಮಿಷ ಎಣಿಸಿ ಅಂತ ನೂರು ಸಲ ಹೇಳಿದ್ದೇನೆ. ನಿನ್ನೆಯ ಚಾರ್ಟ್ ತೆಗೆದು ನೋಡಿದೆ. ಹನ್ನೆರಡು ಪೇಷೆಂಟ್. ಹನ್ನೆರಡೂ ಜನಕ್ಕೆ 20.