ಗೇರುಬೀಜದ ಲೋಡಿಗೊಂದು ಫ್ಲೋ: ನನ್ನ ಅನುಭವ

ಮಂಗಳೂರಿನ ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಗೆ ಬಿಲ್ ಮಂಜೂರಾತಿಯ ಫ್ಲೋ, ಎಂದರೆ ತಾನಾಗಿ ನಡೆಯುವ ಹೆಜ್ಜೆಗಳ ಸರಣಿ, ಮಾಡಿಕೊಟ್ಟೆ. ಬಂದರಿನಿಂದ ಲಾರಿ ಬಂದು ತೂಕವಾದ ಕೂಡಲೇ ಶೇರ್‌ಪಾಯಿಂಟ್ ಲಿಸ್ಟಿನಲ್ಲಿ (ಮೈಕ್ರೋಸಾಫ್ಟಿನ ಆನ್‌ಲೈನ್ ಪಟ್ಟಿ) ಒಂದು ಸಾಲು ತುಂಬುತ್ತಾರೆ. ಫ್ಲೋ ಓಡಿಸುವ ತಂತ್ರಾಂಶ ಪವರ್ ಆಟೋಮೇಟ್ ಅದನ್ನು ಕಚೇರಿಯ ಚಾಟ್ ಆ್ಯಪ್ ಆದ ಟೀಮ್ಸ್‌ನಲ್ಲಿ ಮ್ಯಾನೇಜರರಿಗೆ ಕಳಿಸಿ, ಒಪ್ಪಿಗೆ ಸಿಕ್ಕಿದರೆ ಸ್ಟೇಟಸ್ ಬದಲಿಸುತ್ತದೆ. ಕಾಟ ಕೊಟ್ಟದ್ದರಲ್ಲಿ ಹೆಚ್ಚಿನದು ಲಿಸ್ಟಿನದ್ದೇ.

ಕಾಲಮ್‌ಗಳಿಗೆ ‘ಲಾರಿ ನಂಬರ್’, ‘ಲಾರಿ ತೂಕ’ ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದರು. ಶೇರ್‌ಪಾಯಿಂಟ್ ಒಳಗೆ ಬೇರೊಂದು ಹೆಸರು ಇಟ್ಟುಕೊಳ್ಳುತ್ತದೆ. ಅದರಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆಯೂ 7 ಅಕ್ಷರಗಳ ಸಂಕೇತವಾಗುತ್ತದೆ. ಒಳಹೆಸರಿಗೆ 32 ಅಕ್ಷರಗಳ ಮಿತಿ. ‘ಲಾರಿ’ ಎಂಬಲ್ಲಿಗೇ 28 ಮುಗಿಯಿತು, ಮುಂದಿನದ್ದು ಕತ್ತರಿಸಿಹೋಯಿತು. ಎರಡು ಕಾಲಮ್‌ಗಳಿಗೂ ಹೆಚ್ಚುಕಡಿಮೆ ಒಂದೇ ಹೆಸರು! ಬೇಕಾದ ಸಾಲುಗಳನ್ನಷ್ಟೇ ಆಯುವ ಫಿಲ್ಟರ್ ಕ್ವೆರಿಗೆ ಒಳಹೆಸರೇ ಬೇಕಾದ್ದರಿಂದ ಎರರ್ ಮೇಲೆ ಎರರ್. ಹಾಗಾಗಿ ಕಾಲಮನ್ನು ಇಂಗ್ಲಿಷಿನಲ್ಲಿ, ಜಾಗ ಬಿಡದೆ ಹೆಸರಿಟ್ಟು ಸೇವ್ ಮಾಡಿ, ಆಮೇಲೆ ಕನ್ನಡಕ್ಕೆ ಬದಲಿಸಿ. ಹೊರಗಿನ ಹೆಸರು ಬದಲಾದರೂ ಒಳಗಿನದು ಹಾಗೇ ಉಳಿಯುತ್ತದೆ. ಕನ್ನಡ ಬಿಡಬೇಕಾಗಿಲ್ಲ, ಗೇಟಿನಲ್ಲಿ ಕೂತು ತುಂಬುವವರಿಗೆ ಅದೇ ಅನುಕೂಲ.

ಎರಡನೆಯದು ಸುತ್ತುವ ಫ್ಲೋ. ಸಾಲು ಹೊಸದಾದರೂ ತಿದ್ದಿದರೂ ಫ್ಲೋವನ್ನು ಶುರುಮಾಡುವ ಟ್ರಿಗರ್ ಹಾಕಿದ್ದೆ; ಫ್ಲೋ ತಾನೇ ಸ್ಟೇಟಸ್ ತಿದ್ದುತ್ತದೆ, ಮತ್ತೆ ಓಡುತ್ತದೆ. ಟ್ರಿಗರಿನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೇಟಸ್ ಬಾಕಿ ಇದ್ದರೆ ಮಾತ್ರ’ ಎಂಬ ಕಂಡಿಷನ್ ಕೊಟ್ಟು, ಫ್ಲೋದ ಮೊದಲ ಹೆಜ್ಜೆಯಲ್ಲೇ ಸ್ಟೇಟಸನ್ನು ‘ಕಳಿಸಿದೆ’ ಮಾಡಿದೆ. ಇಲ್ಲವಾದರೆ ಒಪ್ಪಿಗೆಗೆ ಕಾಯುವಾಗ ಯಾರಾದರೂ ತೂಕ ತಿದ್ದಿದರೆ ಅದೇ ಬಿಲ್ಲಿಗೆ ಇನ್ನೊಂದು ವಿನಂತಿ ಹೋಗುತ್ತದೆ. ಸ್ಟೇಟಸ್ ಚಾಯ್ಸ್ ಕಾಲಮ್ (ಕೊಟ್ಟ ಆಯ್ಕೆಗಳಿಂದ ಆರಿಸುವಂಥದ್ದು) ಆದರೆ ಕಂಡಿಷನ್‌ನಲ್ಲಿ ಅದರೊಳಗಿನ ‘ವ್ಯಾಲ್ಯೂ’ವನ್ನೇ ಹೋಲಿಸಬೇಕು. ಮರೆತರೆ ಫ್ಲೋ ಓಡುವುದೇ ಇಲ್ಲ, ಫ್ಲೋ ಓಡಿದ ದಾಖಲೆಯಾದ ರನ್ ಹಿಸ್ಟರಿಯಲ್ಲಿ ಕೆಂಪು ಗುರುತೂ ಕಾಣುವುದಿಲ್ಲ. ಹುಡುಕಲು ಅತಿ ಕಷ್ಟದ ತಪ್ಪು ಇದೇ.

ಬೆಳಗ್ಗೆ 4 ಗಂಟೆಗೆ ತುಂಬಿದ ಲೋಡಿಗೆ ಹಿಂದಿನ ದಿನದ ತಾರೀಕು ಬೀಳುತ್ತಿತ್ತು. ಫ್ಲೋದೊಳಗೆ ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ, ನಮಗಿಂತ 5 ಗಂಟೆ 30 ನಿಮಿಷ ಹಿಂದೆ. ತಾರೀಕು ಬಳಸುವ ಪ್ರತಿ ಕಡೆ ಮೊದಲು ಭಾರತದ ಸಮಯಕ್ಕೆ ಪರಿವರ್ತಿಸಿದೆ.

ಫ್ಲೋದ ಒಂದು ರನ್ (ಒಂದು ಸಲದ ಓಟ) 30 ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಒಪ್ಪಿಗೆಯ ಹೆಜ್ಜೆಗೆ 25 ದಿನದ ಟೈಮ್‌ಔಟ್ ಕೊಟ್ಟು, ಅದು ಮೀರಿದರೆ ಸ್ಟೇಟಸನ್ನು ‘ಬಾಕಿ’ಗೆ ಮರಳಿಸುವ ಹೆಜ್ಜೆಯನ್ನು ‘ರನ್ ಆಫ್ಟರ್’ನಲ್ಲಿ (ಹಿಂದಿನ ಹೆಜ್ಜೆ ಹೇಗೆ ಮುಗಿದರೆ ಮುಂದಿನದು ಓಡಬೇಕೆಂಬ ಸೆಟ್ಟಿಂಗ್) ಜೋಡಿಸಿದ್ದೇನೆ. ಆಗ ಹೊಸ ವಿನಂತಿ ತಾನಾಗಿಯೇ ಹೋಗುತ್ತದೆ.