ಜಾಬ್ ಕಾರ್ಡ್‌ನಲ್ಲಿ ಬರೆಸಿದ ಮಾತು: ದೋಷಪೂರಿತ ಹೊಸ ಕಾರು ಮತ್ತು ನನ್ನ ಅನುಭವ

ತುಮಕೂರಿನ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನಾನು 2022ರ ಫೆಬ್ರುವರಿಯಲ್ಲಿ ಬೆಂಗಳೂರಿನ ಶೋರೂಮ್ ಒಂದರಿಂದ 9 ಲಕ್ಷ 40 ಸಾವಿರ ರೂಪಾಯಿ ಕೊಟ್ಟು ಪೆಟ್ರೋಲ್ ಕಾರು ಕೊಂಡೆ. ಒಂದು ತಿಂಗಳು ತುಂಬುವ ಮೊದಲೇ ಅದು ಏರುದಾರಿಯಲ್ಲಿ ಎರಡು ಬಾರಿ ಜರ್ಕ್ ಹೊಡೆದು ನಿಂತುಹೋಯಿತು. ಐದು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಹಿಂದೆ ಲಾರಿ ಬರುತ್ತಿರುವಾಗ ಇಂಜಿನ್ ನಿಂತರೆ ಸ್ಟಿಯರಿಂಗ್ ಎಷ್ಟು ಬಿಗಿಯಾಗುತ್ತದೆ ಎಂಬುದನ್ನು ಅನುಭವಿಸಿದವರಿಗೇ ಗೊತ್ತು.

ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಜೋಡಿಸಿ, ಯಾವ ಎರರ್ ಕೋಡೂ (ದೋಷ ಕಂಡಾಗ ಗಾಡಿಯ ಕಂಪ್ಯೂಟರ್ ಕೊಡುವ ಸಂಕೇತ) ಬರುತ್ತಿಲ್ಲ, ಆದ್ದರಿಂದ ಗಾಡಿಯಲ್ಲಿ ದೋಷವಿಲ್ಲ ಎಂದರು. ಎರಡನೆಯ ಸಲ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಮೂರನೆಯ ಸಲ ಥ್ರಾಟಲ್ ಬಾಡಿ ಶುಚಿ ಮಾಡಿದರು, ನಾಲ್ಕನೆಯ ಸಲ ನಾನು ಹಾಕಿಸುವ ಪೆಟ್ರೋಲೇ ಸರಿಯಿಲ್ಲವೆಂದರು. ಅಷ್ಟು ಹೊತ್ತಿಗೆ ಆರು ತಿಂಗಳು ಕಳೆದಿದ್ದವು.

ನನ್ನ ದೊಡ್ಡ ತಪ್ಪು ಆ ಅವಧಿಯಲ್ಲೇ ಆಗಿತ್ತು. ಗಾಡಿ ಸರ್ವಿಸ್‌ಗೆ ಬಿಟ್ಟಾಗ ದೂರು ಮತ್ತು ಮಾಡಿದ ಕೆಲಸ ಬರೆದುಕೊಡುವ ಹಾಳೆಗೆ ಜಾಬ್ ಕಾರ್ಡ್ ಎನ್ನುತ್ತಾರೆ. ಮೊದಲ ಮೂರು ಜಾಬ್ ಕಾರ್ಡ್‌ಗಳನ್ನು ಮನೆಗೆ ತಂದು ಓದಿದಾಗ, ಗ್ರಾಹಕರ ದೂರು ಎಂಬ ಕಾಲಂನಲ್ಲಿ ‘ಜನರಲ್ ಚೆಕಪ್’ ಎಂದಷ್ಟೇ ಇತ್ತು. ಅರ್ಧ ಗಂಟೆ ನಿಂತು ವಿವರಿಸಿದ್ದ ನನ್ನ ಮಾತು ಒಂದಕ್ಷರವೂ ಅಲ್ಲಿರಲಿಲ್ಲ. ಕೆಳಗೆ ಮಾತ್ರ, ಕೆಲಸ ತೃಪ್ತಿಕರವಾಗಿದೆ ಎಂಬ ಮುದ್ರಿತ ವಾಕ್ಯದಡಿ, ನನ್ನದೇ ಸಹಿ ಇತ್ತು. ದಿನವಿಡೀ ವೋಚರ್ ನೋಡುವವನೇ ಹೀಗೆ ಓದದೆ ಸಹಿ ಹಾಕಿದ್ದು ನನಗೆ ಈಗಲೂ ನಾಚಿಕೆಯ ವಿಷಯ. ನಾಲ್ಕನೆಯ ಭೇಟಿಯಲ್ಲಿ ‘ಚಲಿಸುವಾಗ ಇಂಜಿನ್ ನಿಂತುಹೋಗುತ್ತದೆ, ನಾಲ್ಕನೇ ಬಾರಿ’ ಎಂದು ಬರೆಯದೆ ಕೀ ಕೊಡುವುದಿಲ್ಲವೆಂದು ಕೌಂಟರಿನ ಮುಂದೆಯೇ ಕುಳಿತೆ. ಸರ್ವಿಸ್ ಅಡ್ವೈಸರ್, ‘ಸಾರ್, ಸಿಸ್ಟಮ್‌ನಲ್ಲಿ ಆ ಆಪ್ಷನ್ ಇಲ್ಲ’ ಎಂದ. ಹಾಗಾದರೆ ಪ್ರಿಂಟ್ ತೆಗೆದು ಪೆನ್ನಿನಲ್ಲಿ ಬರೆದು ಸೀಲು ಹಾಕಿ ಎಂದೆ. ಮುಕ್ಕಾಲು ಗಂಟೆಯ ನಂತರ ಮ್ಯಾನೇಜರ್ ಬಂದು ಬರೆಸಿಕೊಟ್ಟರು. ಮುಂದೆ ಗ್ರಾಹಕ ಆಯೋಗದಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡಿದ್ದು ಆ ಹಾಳೆಯೇ. ಅಂದಿನಿಂದ ಕಾರು ನಿಂತ ದಿನ, ಸ್ಥಳ, ಓಡಿದ ಕಿಲೋಮೀಟರ್, ಟ್ಯಾಂಕಿನಲ್ಲಿದ್ದ ಪೆಟ್ರೋಲಿನ ಮಟ್ಟ ಎಲ್ಲವನ್ನೂ ಪುಸ್ತಕವೊಂದರಲ್ಲಿ ಬರೆಯತೊಡಗಿದೆ. ಬಂಕಿನ ರಸೀದಿಗಳನ್ನು ಹಾಳೆಗೆ ಅಂಟಿಸಿಟ್ಟೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗ ತಯಾರಕರಿಂದ ಬಂದ ಉತ್ತರ, ವಾಹನ ಸುಸ್ಥಿತಿಯಲ್ಲಿದೆ ಎಂಬ ಒಂದು ಸಾಲು. ನೋಟಿಸ್ ಕಳುಹಿಸಲೇಬೇಕೆಂದು ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳದಿದ್ದರೂ, ಡೀಲರ್ ಮತ್ತು ತಯಾರಕ ಕಂಪನಿ ಇಬ್ಬರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳುಹಿಸಿದೆ. ದೂರಿನಲ್ಲೂ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿದ್ದು ಒಳ್ಳೆಯದೇ ಆಯಿತು, ಏಕೆಂದರೆ ತಾನು ಮಾರಾಟಗಾರ ಮಾತ್ರವೆಂದು ಡೀಲರ್, ಡೀಲರನ ಕೆಲಸಕ್ಕೆ ತಾನು ಹೊಣೆಯಲ್ಲವೆಂದು ಕಂಪನಿ, ಒಬ್ಬರತ್ತ ಒಬ್ಬರು ಬೆರಳು ತೋರಿದರು.

ಕಾರು ಕೊಂಡದ್ದು ಬೆಂಗಳೂರಿನಲ್ಲಾದರೂ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 34ನೇ ಕಲಂ ದೂರುದಾರ ವಾಸಿಸುವ ಊರಿನಲ್ಲೇ ದೂರು ಸಲ್ಲಿಸಲು ಅವಕಾಶ ಕೊಡುತ್ತದೆ. ಹಾಗಾಗಿ 2023ರ ಜನವರಿಯಲ್ಲಿ ತುಮಕೂರಿನ ಜಿಲ್ಲಾ ಆಯೋಗಕ್ಕೇ ಹೋದೆ. ಕೊಟ್ಟ ಬೆಲೆ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. 5ರಿಂದ 10 ಲಕ್ಷದೊಳಗಿನ ನನ್ನ ದೂರಿಗೆ ಶುಲ್ಕ ಕೇವಲ 200 ರೂಪಾಯಿ. ದೋಷ ಕಂಡ ಎರಡು ವರ್ಷದೊಳಗೆ ದೂರು ದಾಖಲಾಗಬೇಕೆಂಬ ನಿಯಮವಿರುವುದರಿಂದ, ಮುಂದಿನ ಸರ್ವಿಸ್‌ನಲ್ಲಿ ಸರಿಹೋದೀತೆಂದು ಕಾಯುತ್ತ ಕೂರುವುದು ಅಪಾಯಕರ. ವಕೀಲರು ಕಡ್ಡಾಯವಲ್ಲ, ದೂರನ್ನು ಕನ್ನಡದಲ್ಲಿ ನಾನೇ ಬರೆದೆ, ಕರಡನ್ನು ಮಾತ್ರ ಪರಿಚಯದ ವಕೀಲರಿಗೆ ತೋರಿಸಿದೆ.

ಇಂಥ ಪ್ರಕರಣಗಳಲ್ಲಿ ನಿಜವಾದ ತೊಡಕು ಉತ್ಪಾದನಾ ದೋಷವನ್ನು ರುಜುವಾತುಪಡಿಸುವುದು. ಆ ಹೊರೆ ದೂರುದಾರನದೇ, ಆದರೆ ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಿದರೆ ವಾರಂಟಿಯೇ ಕೈತಪ್ಪೀತು. ಕಾಯ್ದೆಯ 38ನೇ ಕಲಂನಡಿ ಆಯೋಗವೇ ತಜ್ಞರ ಪರೀಕ್ಷೆಗೆ ಒಪ್ಪಿಸಬಹುದೆಂದು ತಿಳಿದು ಮಧ್ಯಂತರ ಅರ್ಜಿ ಹಾಕಿದೆ. ಪರೀಕ್ಷೆಯ ಶುಲ್ಕ 12 ಸಾವಿರ ರೂಪಾಯಿಯನ್ನು ನಾನೇ ಠೇವಣಿ ಇಟ್ಟೆ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕರೊಬ್ಬರು ನೇಮಕವಾದರು.

ಅವರು ಮೊದಲು ಕೇಳಿದ್ದು ನನ್ನ ಪುಸ್ತಕವನ್ನು. ಕಾರು ನಿಂತ ಹದಿನೇಳು ಸಲವೂ ಟ್ಯಾಂಕ್ ಕಾಲುಭಾಗಕ್ಕಿಂತ ಕೆಳಗಿತ್ತು, ದಾರಿ ಏರಾಗಿತ್ತು ಎಂಬುದನ್ನು ಅವರೇ ಪೆನ್ಸಿಲಿನಲ್ಲಿ ಗುರುತು ಮಾಡಿದರು. ನಾನೇ ಬರೆದಿದ್ದರೂ ನನಗದು ಹೊಳೆದಿರಲಿಲ್ಲ. ಪೆಟ್ರೋಲ್ ಪೈಪಿಗೆ ಪ್ರೆಷರ್ ಗೇಜ್ ಜೋಡಿಸಿ, ಹಿಂದಿನ ಸೀಟಿನಲ್ಲಿ ಡೀಲರ್ ಕಡೆಯ ಟೆಕ್ನಿಷಿಯನ್‌ನನ್ನು ಲ್ಯಾಪ್‌ಟಾಪ್ ಸಮೇತ ಕೂರಿಸಿಕೊಂಡು ದೇವರಾಯನದುರ್ಗದ ಏರು ಹತ್ತಿದರು. ಮೊದಲ ಸುತ್ತಿನಲ್ಲಿ ಏನೂ ಆಗಲಿಲ್ಲ, ನನ್ನ ಎದೆ ಕುಸಿಯಿತು. ಎರಡನೆಯ ಸುತ್ತಿನ ತಿರುವೊಂದರಲ್ಲಿ ಗೇಜಿನ ಮುಳ್ಳು ಒಮ್ಮೆಲೇ ಕೆಳಗಿಳಿದು ಇಂಜಿನ್ ನಿಂತಿತು. ಲ್ಯಾಪ್‌ಟಾಪ್‌ನಲ್ಲಿ ಆಗಲೂ ಕೋಡ್ ಬರಲಿಲ್ಲ. ಪೆಟ್ರೋಲಿನ ಒತ್ತಡ ಅಳೆಯುವ ಸೆನ್ಸರ್ ಈ ಕಾರಿನಲ್ಲಿ ಇಲ್ಲವೇ ಇಲ್ಲ, ಇಲ್ಲದ ಸೆನ್ಸರ್ ಕೋಡ್ ಕೊಡುವುದಾದರೂ ಹೇಗೆ ಎಂದು ಪ್ರಾಧ್ಯಾಪಕರು ಅವನನ್ನೇ ಕೇಳಿದರು. ಟ್ಯಾಂಕಿನೊಳಗೆ ಪಂಪ್ ಕೂರುವ ಭಾಗದ ಅಚ್ಚಿನಲ್ಲೇ ದೋಷವಿದ್ದು, ಏರಿನಲ್ಲಿ ಪೆಟ್ರೋಲ್ ಪಂಪಿನಿಂದ ದೂರ ಸರಿಯುತ್ತಿತ್ತೆಂದು ಅವರ ವರದಿ ಹೇಳಿತು.

ಪರೀಕ್ಷೆ ಬೇಕಾದ ಪ್ರಕರಣಗಳನ್ನು ಐದು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ನನ್ನದಕ್ಕೆ ಹತ್ತೊಂಬತ್ತು ತಿಂಗಳು ಹಿಡಿಯಿತು. ನಾನು ಕೇಳಿದ್ದು ಹೊಸ ಕಾರು ಅಥವಾ ಪೂರ್ತಿ ಹಣ, ಅದು ಸಿಗಲಿಲ್ಲ. ದೋಷವಿರುವ ಭಾಗವನ್ನು ಬದಲಿಸಿಕೊಡುವುದಷ್ಟೇ ವಾರಂಟಿಯ ಷರತ್ತಾಗಿರುವಾಗ ಇಡೀ ವಾಹನವನ್ನೇ ಬದಲಿಸಲು ಆದೇಶಿಸುವುದು ಸರಿಯಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದನ್ನು ಕಂಪನಿಯ ವಕೀಲರು ಮುಂದಿಟ್ಟರು. ಆಯೋಗ ಹೊಸ ಟ್ಯಾಂಕ್ ಮತ್ತು ಪಂಪ್, ಅವುಗಳಿಗೆ ಎರಡು ವರ್ಷದ ಪ್ರತ್ಯೇಕ ವಾರಂಟಿ, 60 ಸಾವಿರ ರೂಪಾಯಿ ಪರಿಹಾರ ಹಾಗೂ 10 ಸಾವಿರ ಖರ್ಚು ಕೊಡುವಂತೆ ಆದೇಶಿಸಿತು. ದೂರಿನಲ್ಲಿ ನಾನು ಪರ್ಯಾಯ ಪರಿಹಾರವಾಗಿ ಭಾಗದ ಬದಲಾವಣೆಯನ್ನೂ ಕೇಳಿದ್ದರಿಂದ ಇಷ್ಟಾದರೂ ದಕ್ಕಿತು. ಆ ಸಾಲನ್ನು ಸೇರಿಸಿದ್ದು ಕರಡು ನೋಡಿದ ವಕೀಲರು. ಮೇಲ್ಮನವಿಗೆ ಡೀಲರ್ ಮತ್ತು ಕಂಪನಿಗೆ 45 ದಿನಗಳಿದ್ದವು. ಆದೇಶಿತ ಮೊತ್ತದ ಅರ್ಧವನ್ನು ಠೇವಣಿ ಇಟ್ಟು ಹೋಗಬೇಕಿದ್ದುದರಿಂದಲೋ ಏನೋ, ಅವರು ಹೋಗಲಿಲ್ಲ.

ಟ್ಯಾಂಕ್ ಬದಲಿಸಲು ಕಾರು ಬಿಟ್ಟ ದಿನ ಅದೇ ಅಡ್ವೈಸರ್ ಜಾಬ್ ಕಾರ್ಡ್ ಮುಂದಿಟ್ಟ. ಗ್ರಾಹಕರ ದೂರು ಎಂಬಲ್ಲಿ ಮತ್ತೆ ‘ಜನರಲ್ ಚೆಕಪ್’ ಎಂದಿತ್ತು. ನಾನು ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟರಲ್ಲಿ ಅವನೇ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು ಪೆನ್ನು ತೆಗೆದ.