ಡ್ಯೂಟಿ ಜೊತೆಗೆ ರಕ್ತದಾನ: ತಪ್ಪಿಸದೆ ಮುಂದುವರಿಸುವುದು ಹೇಗೆ?

ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೆಲಸಕ್ಕೆ ಸೇರಿದಾಗಿನಿಂದ ರಕ್ತ ಕೊಡುತ್ತಿದ್ದೇನೆ. ಹೊಸ ಹುಡುಗರಿಗೆ ಹೇಳುವುದಿಷ್ಟೇ: ರಕ್ತ ಕೊಟ್ಟ ದಿನವೇ ಮುಂದಿನ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ ಬೇಕು.

ನೈಟ್ ಶಿಫ್ಟ್ ಮುಗಿಸಿ ನೇರ ಹೋಗಬೇಡಿ. ವಾರದ ರಜೆಯಲ್ಲಿ ನಿದ್ದೆ ಮಾಡಿ, ತಿಂಡಿ ತಿಂದು ಹೋಗಿ. ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಲೇಬೇಕು. ಕಡಿಮೆ ಅಂತ ವಾಪಸ್ ಕಳಿಸಿದರೆ ಬೇಜಾರು ಬೇಡ. ಸೊಪ್ಪು, ಹುರುಳಿಕಾಳು ಜಾಸ್ತಿ ತಿನ್ನಿ, ಊಟದ ಜೊತೆ ಟೀ ಬಿಡಿ.

ಅಕ್ಟೋಬರ್ 1, ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ; ಅವತ್ತಿನ ಶಿಬಿರಕ್ಕೆ ಎಲ್ಲರೂ ಬರುತ್ತಾರೆ. ಫೋಟೋ ಇರುತ್ತದೆ, ಅಲ್ವಾ! ನನ್ನನ್ನು ಕೇಳಿದರೆ ಏಪ್ರಿಲ್, ಮೇನಲ್ಲಿ ಕೊಡಿ. ಆಗ ಕಾಲೇಜುಗಳಿಗೆ ರಜೆ, ಶಿಬಿರಗಳೂ ಕಡಿಮೆ, ಹಾಗಾಗಿ ರಕ್ತ ಸಾಲುವುದಿಲ್ಲ. 65ರವರೆಗೂ ಕೊಡಬಹುದು, ಅಂದರೆ 60ಕ್ಕೆ ನಿವೃತ್ತರಾದ ಮೇಲೂ ಐದು ವರ್ಷ ಸಿಗುತ್ತದೆ.